ಇಳಿತ ಎಷ್ಟು ಗಂಟೆಗಿತ್ತು?

ಎರಡು ವರ್ಷದ ಹಿಂದೆ ಅಳಿವೆ ಬಾಯಲ್ಲಿ ನಾಡದೋಣಿ ಮಗುಚಿ ಇಬ್ಬರು ತೀರಿಕೊಂಡ ಸುದ್ದಿ ಕಳಿಸಿದ್ದೆ. 'ದೈತ್ಯ ಅಲೆಗೆ ಸಿಲುಕಿ' ಎಂದು ಬರೆದಿದ್ದೆ. ಡೆಸ್ಕಿನವರು ಅದನ್ನೇ ಹೆಡ್ಡಿಂಗ್ ಮಾಡಿದರು. ಮರುದಿನ ದಕ್ಕೆಯಲ್ಲಿ ಬಲೆ ಹೊಲಿಯುತ್ತಿದ್ದ ಹಿರಿಯರೊಬ್ಬರು ಪೇಪರ್ ಓದಿ ಮಡಚಿಟ್ಟು, "ಇಳಿತ ಎಷ್ಟು ಗಂಟೆಗಿತ್ತು ಅಂತ ಬರ್ದೇ ಇಲ್ವಲ್ಲ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದವನು ಎರಡನೇ ಮಹಾಯುದ್ಧಕ್ಕೆ ಹೋಗಿ ಮುಟ್ಟಿದೆ.

1943ರ ನವೆಂಬರ್ 20. ಪೆಸಿಫಿಕ್ ಸಾಗರದ ನಡುವೆ ತರಾವಾ ಎಂಬ ಹವಳದ ದ್ವೀಪಸಮೂಹ. ಅದರಲ್ಲಿ ಬೆಟಿಯೊ ಎಂಬ ಪುಟ್ಟ ದ್ವೀಪ ಜಪಾನಿನ ಕೈಯಲ್ಲಿತ್ತು. ಅಮೆರಿಕದ ಮರೀನ್ ಸೈನಿಕರು ಅಲ್ಲಿ ಇಳಿಯಬೇಕಿತ್ತು. ದ್ವೀಪದ ಸುತ್ತ ನೀರಿನಡಿ ಹವಳದ ದಿಬ್ಬವಿದೆ. ಸೈನಿಕರ ದೋಣಿ ಅದನ್ನು ದಾಟಲು ಸುಮಾರು ನಾಲ್ಕು ಅಡಿ ನೀರು ಬೇಕು. ಉಬ್ಬರದಲ್ಲಿ ಅಷ್ಟು ಬರುತ್ತದೆ ಎಂಬುದು ಲೆಕ್ಕ. ಆದರೆ ಅಂದು ನೀರು ಮೂರು ಅಡಿಯ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಚೈನು ಚಕ್ರದ ಮೇಲೆ ತೆವಳುವ ವಾಹನಗಳು ಮಾತ್ರ ದಿಬ್ಬ ಹತ್ತಿದವು. ಹಿಂದೆ ಬಂದ ದೋಣಿಗಳು ಅಲ್ಲೇ ಸಿಕ್ಕಿಕೊಂಡವು. ಸೈನಿಕರು ಬಂದೂಕನ್ನು ತಲೆಯ ಮೇಲೆ ಹಿಡಿದು, ಎದುರಿನ ಮೆಷಿನ್ ಗನ್ನುಗಳ ಕಡೆಗೆ ಅರ್ಧ ಕಿಲೋಮೀಟರು ನೀರಲ್ಲಿ ನಡೆದರು. ಮೂರೇ ದಿನಗಳಲ್ಲಿ ಅಮೆರಿಕದ ಸುಮಾರು ಒಂದು ಸಾವಿರ ಮಂದಿ ಸತ್ತರು. ದ್ವೀಪದಲ್ಲಿದ್ದ ಜಪಾನಿ ಸೈನಿಕರು ಮತ್ತು ಕೊರಿಯಾದ ಕೂಲಿಗಳು ಸೇರಿ ಸತ್ತವರು ನಾಲ್ಕೂವರೆ ಸಾವಿರಕ್ಕೂ ಹೆಚ್ಚು. ಆ ಕೂಲಿಗಳ ಬಗ್ಗೆ ಬರೆದವರು ಕಡಿಮೆ.

ಸಮುದ್ರ ಯಾಕೆ ಏರಲಿಲ್ಲ? ಚಂದ್ರನ ಸೆಳೆತ ಭೂಮಿಯ ಹತ್ತಿರದ ಮೈಗೆ ಹೆಚ್ಚು, ದೂರದ ಮೈಗೆ ಕಡಿಮೆ. ಈ ವ್ಯತ್ಯಾಸದಿಂದ ನೀರು ಎರಡೂ ಕಡೆ ಉಬ್ಬುತ್ತದೆ. ಸೂರ್ಯನದೂ ಇದೇ ಕೆಲಸ, ಬಲ ಮಾತ್ರ ಚಂದ್ರನ ಅರ್ಧಕ್ಕಿಂತ ಕಡಿಮೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಇಬ್ಬರೂ ಒಂದೇ ಗೆರೆಯಲ್ಲಿ ಎಳೆಯುವುದರಿಂದ ಉಬ್ಬರ ದೊಡ್ಡದು. ಅಷ್ಟಮಿಯ ಹೊತ್ತಿಗೆ ಒಬ್ಬರ ಕೆಲಸವನ್ನು ಇನ್ನೊಬ್ಬರು ಕೆಡಿಸುತ್ತಾರೆ, ಆಗ ಉಬ್ಬರವೂ ಸಣ್ಣದು, ಇಳಿತವೂ ಸಣ್ಣದು. ನಮ್ಮ ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತರಾವಾದಲ್ಲಿ ಅಂದು ಅಷ್ಟಮಿಯ ಚಂದ್ರ, ಸಾಲದ್ದಕ್ಕೆ ಅವನು ಭೂಮಿಯಿಂದ ಅತಿ ದೂರದ ಬಿಂದುವಿನ ಹತ್ತಿರ ಇದ್ದ. ಇವೆರಡೂ ಹೀಗೆ ಕೂಡಿದ್ದು ಆ ವರ್ಷ ಎರಡೇ ಸಲ ಎಂದು ಟೆಕ್ಸಾಸಿನ ಭೌತವಿಜ್ಞಾನಿ ಡೊನಾಲ್ಡ್ ಓಲ್ಸನ್ ಲೆಕ್ಕ ಹಾಕಿ ತೋರಿಸಿದ್ದು 1987ರಲ್ಲಿ. ಆದರೆ ಆ ದ್ವೀಪಗಳಲ್ಲಿ ವರ್ಷಗಟ್ಟಲೆ ಬದುಕಿದ್ದ ಮೇಜರ್ ಫ್ರಾಂಕ್ ಹಾಲಂಡ್ ಎಂಬವರು ನೀರು ಸಾಲದು ಎಂದು ದಾಳಿಗೆ ಮೊದಲೇ ಎಚ್ಚರಿಸಿದ್ದರು. ದಿನಾಂಕ ಬದಲಾಗಲಿಲ್ಲ.

ವಿಚಿತ್ರವೆಂದರೆ, ಇದಕ್ಕೆ ಒಂದು ತಿಂಗಳು ಮೊದಲೇ ಇಂಗ್ಲೆಂಡಿನ ಲಿವರ್‌ಪೂಲ್ ಪಕ್ಕದ ಬಿಡ್‌ಸ್ಟನ್ ವೀಕ್ಷಣಾಲಯಕ್ಕೆ ನೌಕಾಪಡೆಯಿಂದ ಗುಟ್ಟಿನ ಪತ್ರವೊಂದು ಬಂದಿತ್ತು. 'ಪೊಸಿಷನ್ ಝಡ್' ಎಂಬ ಜಾಗದ ಉಬ್ಬರವಿಳಿತ ಲೆಕ್ಕ ಹಾಕಿಕೊಡಿ ಎಂದು. ಆ ಜಾಗ ಫ್ರಾನ್ಸಿನ ನಾರ್ಮಂಡಿ. ಲೆಕ್ಕ ಮಾಡಬೇಕಾದವರು ಆರ್ಥರ್ ಡೂಡ್ಸನ್, ಕಿವಿ ಕೇಳದ ಗಣಿತಜ್ಞ. ಅವರ ಬಳಿ ಎರಡು ಹಿತ್ತಾಳೆಯ ಯಂತ್ರಗಳಿದ್ದವು. ಹತ್ತಾರು ರಾಟೆಗಳು, ಎಲ್ಲದರ ಮೇಲೂ ಹಾದುಹೋಗುವ ಒಂದೇ ತಂತಿ. ಒಂದು ರಾಟೆ ಚಂದ್ರನ ಸುತ್ತಿಗೆ, ಒಂದು ಸೂರ್ಯನಿಗೆ, ಇನ್ನೊಂದು ಚಂದ್ರನ ದೂರ ಹೆಚ್ಚುಕಮ್ಮಿಯಾಗುವುದಕ್ಕೆ, ಹೀಗೆ. ಹಿಡಿ ತಿರುಗಿಸಿದರೆ ತಂತಿಯ ತುದಿ ಎಲ್ಲವನ್ನೂ ಕೂಡಿ ಮುಂಬರುವ ದಿನಗಳ ನೀರಿನ ಮಟ್ಟ ತೋರಿಸುತ್ತದೆ. ಒಂದೇ ಬಾಂಬಿಗೆ ಎರಡೂ ಹೋಗದಿರಲಿ ಎಂದು ಯಂತ್ರಗಳನ್ನು ದೂರದೂರ ಇಟ್ಟಿದ್ದರು.

ನಾರ್ಮಂಡಿಯ ಕಡಲತೀರದಲ್ಲಿ ಜರ್ಮನ್ನರು ಬಾಂಬು ಕಟ್ಟಿದ ಕಂಬಗಳನ್ನು ನೆಟ್ಟಿದ್ದರು. ಉಬ್ಬರದಲ್ಲಿ ಅವು ಮುಳುಗಿ ದೋಣಿಯ ತಳ ಸೀಳಬೇಕು. ಹಾಗಾಗಿ ಇಳಿತ ಮುಗಿದು ನೀರು ಮರಳುವಾಗಲೇ ಇಳಿಯಬೇಕಾಯಿತು. ಅದೂ ಬೆಳಗಾಗುತ್ತಿದ್ದಂತೆ. ಪ್ಯಾರಾಶೂಟಿನವರಿಗೆ ಹಿಂದಿನ ರಾತ್ರಿ ಬೆಳದಿಂಗಳೂ ಬೇಕು. ಇದಕ್ಕೆಲ್ಲ ಹೊಂದಿದ್ದು 1944ರ ಜೂನ್ 5, 6, 7. ಒಂದೊಂದು ತೀರದಲ್ಲಿ ಇಳಿತ ಒಂದೊಂದು ಹೊತ್ತಿಗೆ. ಆದ್ದರಿಂದ ಅಮೆರಿಕನ್ನರು 6.30ಕ್ಕೆ ಇಳಿದರೆ, ಪೂರ್ವದ ಬ್ರಿಟಿಷ್ ತೀರಗಳಲ್ಲಿ 7.25. ಅಷ್ಟಾದರೂ ಒಮಾಹಾ ತೀರದಲ್ಲಿ ಕಂಬ ಒಡೆದು 16 ದಾರಿ ತೆರೆಯಬೇಕಿದ್ದ ತಂಡಗಳಿಗೆ ಕೆಲವನ್ನಷ್ಟೇ ತೆರೆಯಲಾಯಿತು. ಗಂಟೆಗೆ ಒಂದು ಮೀಟರಿನಂತೆ ನೀರು ಏರುತ್ತಿತ್ತು.

ಯಂತ್ರಕ್ಕೆ ಅಲೆ ಗೊತ್ತಿಲ್ಲ. ಅಲೆ ಗಾಳಿಯ ಮಗು. ಗಾಳಿಯ ವೇಗ ಎಷ್ಟು, ಎಷ್ಟು ಹೊತ್ತು ಬೀಸಿತು, ಎಷ್ಟು ದೂರದ ನೀರಿನ ಮೇಲೆ ಬೀಸಿತು, ಇವುಗಳಿಂದ ಅಲೆಯ ಎತ್ತರ ಅಂದಾಜಿಸುವ ವಿಧಾನವನ್ನು ಅಮೆರಿಕದಲ್ಲಿ ಹರಾಲ್ಡ್ ಸ್ವೆರ್ಡ್ರುಪ್ ಮತ್ತು ವಾಲ್ಟರ್ ಮಂಕ್ ಇದೇ ಯುದ್ಧಕ್ಕಾಗಿ ಕಟ್ಟಿದರು. ಬಿರುಗಾಳಿಯಿಂದ ಜೂನ್ 5ರ ದಾಳಿ ಮುಂದೆ ಹೋಯಿತು. 6ರಂದೂ ಸಮುದ್ರ ಪೂರ್ತಿ ತಣ್ಣಗಾಗಿರಲಿಲ್ಲ. ಒಮಾಹಾ ಎದುರು ಒಂದು ದಳದವರು ನೀರಿಗೆ ಬಿಟ್ಟ 29 ತೇಲುವ ಟ್ಯಾಂಕುಗಳಲ್ಲಿ 27 ಮುಳುಗಿದವು.

ಡೂಡ್ಸನ್‌ರ ಎರಡು ಯಂತ್ರಗಳಲ್ಲಿ ಒಂದನ್ನು ರೂಪಿಸಿದವರು ಎಡ್ವರ್ಡ್ ರಾಬರ್ಟ್ಸ್. ಅದು 1906ರದು. ಅದಕ್ಕೂ ಮೊದಲು, 1879ರಲ್ಲಿ, ಇದೇ ರಾಬರ್ಟ್ಸ್ ಇಂಥದೇ ಒಂದು ಯಂತ್ರ ಮಾಡಿಸಿದ್ದು ಭಾರತದ ಬಂದರುಗಳಿಗಾಗಿ. ನಮ್ಮ ಬಂದರುಗಳಲ್ಲಿ ನೀರಿನ ಏರಿಳಿತ ಅಳೆದು ಲಂಡನ್ನಿಗೆ ಕಳಿಸುವುದು, ಅಲ್ಲಿ ರಾಟೆ ತಿರುಗಿಸಿ ಮುಂದಿನ ವರ್ಷದ ಪಟ್ಟಿ ಅಚ್ಚು ಹಾಕುವುದು. 1878ರಿಂದ ಕೆಲವು ವರ್ಷ ಹೀಗೆ ಅಳತೆ ನಡೆದ ಜಾಗಗಳಲ್ಲಿ ನಮ್ಮ ಕಾರವಾರವೂ ಒಂದು. ಶಾಲೆಯಲ್ಲಿ ಯಾರೂ ನಮಗೆ ಇದನ್ನು ಹೇಳಲಿಲ್ಲ.

ಆ ದೋಣಿ ಮಗುಚಿದ ದಿನದ ಪಟ್ಟಿ ಹುಡುಕಿ ನೋಡಿದೆ. ಅಮಾವಾಸ್ಯೆಯ ಮರುದಿನ. ದೋಣಿ ಹೊರಟಾಗ ನೀರು ಇಳಿಯಲು ಶುರುವಾಗಿ ಮೂರು ಗಂಟೆಯಾಗಿತ್ತು. ಹೊಳೆ ಅತಿ ಜೋರಾಗಿ ಸಮುದ್ರಕ್ಕೆ ನುಗ್ಗುವ ಹೊತ್ತು ಅದು. ಹೊರಗಿನಿಂದ ಬರುವ ಅಲೆ ಆ ಎದುರು ಸೆಳೆತಕ್ಕೆ ಸಿಕ್ಕರೆ ಒತ್ತೊತ್ತಾಗಿ, ಕಡಿದಾಗಿ ಎದ್ದು ಅಲ್ಲೇ ಒಡೆಯುತ್ತದೆ. ಆಚೆ ಕಡಲಲ್ಲಿ ಅದು ಸಾಧಾರಣ ಅಲೆಯೇ ಆಗಿದ್ದಿರಬಹುದು. ಇಷ್ಟನ್ನೂ ದಕ್ಕೆಯ ಹಿರಿಯರಿಗೆ ಹೇಳಲು ಹೋದೆ. ಅವರು ಬಲೆಯಿಂದ ಕಣ್ಣೆತ್ತದೆ, "ಮೂರಲ್ಲ, ಮೂರೂವರೆ ಗಂಟೆ" ಎಂದರು.