ಪದ ಪರಿಚಯ: ದ್ವೇಷ ಭಾಷಣ

ಹೈದರಾಬಾದಿನ ತೆಲುಗು ಪತ್ರಿಕೆಯಲ್ಲಿ ‘ವಿದ್ವೇಷ ಪ್ರಸಂಗಂ’ ಎಂಬ ತಲೆಬರಹ ಕಂಡರೆ ಕನ್ನಡಿಗ ಒಂದು ಕ್ಷಣ ತಡವರಿಸುತ್ತಾನೆ. ನಮಗೆ ಪ್ರಸಂಗವೆಂದರೆ ಘಟನೆ, ಇಲ್ಲವೇ ಯಕ್ಷಗಾನದ ಕಥೆ. ತೆಲುಗರಿಗೆ ಅದು ಭಾಷಣ. ಹಾಗೆಂದು ‘ಮಾತು’ ಎಂಬ ಅರ್ಥ ನಮ್ಮಲ್ಲಿ ಪೂರ್ತಿ ಅಳಿದಿಲ್ಲ. ಕೇಳದಿದ್ದರೂ ನಡುವೆ ಬಾಯಿ ಹಾಕುವವನನ್ನು ಇವತ್ತಿಗೂ ‘ಅಧಿಕಪ್ರಸಂಗಿ’ ಎಂದೇ ಗದರುತ್ತೇವೆ.

ನಮ್ಮ ‘ದ್ವೇಷ ಭಾಷಣ’ ಇಂಗ್ಲಿಷಿನ ಹೇಟ್ ಸ್ಪೀಚ್‌ನ ನೇರ ಅನುವಾದ. ‘ದ್ವಿಷ್’, ‘ಭಾಷ್’ ಎಂಬ ಎರಡು ಸಂಸ್ಕೃತ ಧಾತುಗಳ ಸಪ್ಪೆ ಜೋಡಿ. ಹೈದರಾಬಾದಿನ ಉರ್ದುವಿನವರು ‘ಇಶ್ತಿಆಲ್ ಅಂಗೇಜ್ ತಕ್ರೀರ್’ ಎನ್ನುತ್ತಾರೆ. ಇಶ್ತಿಆಲ್ ಎಂದರೆ ಹೊತ್ತಿಕೊಳ್ಳುವುದು. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ಯ ಹೆಸರೂ ಅದೇ ಬಳಗದ್ದು. ಕಿಚ್ಚು ಹಚ್ಚುವ ಮಾತು! ಪದವೆಂದರೆ ಹಾಗಿರಬೇಕು.

ಭಾರತೀಯ ನ್ಯಾಯ ಸಂಹಿತೆಯಲ್ಲಿ ದ್ವೇಷ ಭಾಷಣಕ್ಕೆ ವ್ಯಾಖ್ಯೆಯೇ ಇಲ್ಲ. ಅದರ 196ನೇ ಕಲಂ (ಹಳೆಯ ದಂಡ ಸಂಹಿತೆಯ 153ಎ) ಹೇಳುವುದು ಗುಂಪುಗಳ ನಡುವೆ ವೈರ ಬೆಳೆಸುವುದರ ಬಗ್ಗೆ. ಸಾಮಾನ್ಯವಾಗಿ 3 ವರ್ಷದವರೆಗೆ ಸಜೆ. ಇಂಥ ಆರೋಪಗಳ ವಿಚಾರಣೆ ಎಳೆಯುವುದೂ ಉಂಟು. 2012ರ ಡಿಸೆಂಬರಿನ ನಿರ್ಮಲ್, ನಿಜಾಮಾಬಾದ್ ಭಾಷಣಗಳ ಪ್ರಕರಣಗಳಲ್ಲಿ ಶಾಸಕ ಅಕ್ಬರುದ್ದೀನ್ ಒವೈಸಿ ಅವರನ್ನು ಹೈದರಾಬಾದಿನ ನಾಂಪಲ್ಲಿ ವಿಶೇಷ ನ್ಯಾಯಾಲಯ ಖುಲಾಸೆಗೊಳಿಸಿದ್ದು 2022ರ ಏಪ್ರಿಲ್ 13ರಂದು. ಒಂಬತ್ತು ವರ್ಷ ದಾಟಿತ್ತು.

ಇನ್ನು ದ್ವೇಷ ಭಾಷಣದ ಅತಿ ಭೀಕರ ರೂಪವೆಂದರೆ ನರಮೇಧಕ್ಕೆ ಪ್ರಚೋದನೆ. 1948ರ ವಿಶ್ವಸಂಸ್ಥೆಯ ಒಡಂಬಡಿಕೆ ಅದನ್ನೂ ಶಿಕ್ಷಾರ್ಹ ಎಂದಿದೆ. ಭಾರತ 1959ರಲ್ಲೇ ಅದನ್ನು ಅನುಮೋದಿಸಿತು. ಅದಕ್ಕೆಂದೇ ಒಂದು ಕಾಯ್ದೆಯನ್ನು ಮಾತ್ರ ಇನ್ನೂ ಮಾಡಿಲ್ಲ.