ಕಾಯಿಲೆ ಬೀಳದ ಕೂಸುಗಳ ವೈರಸ್

ಚಳಿಗಾಲ ಬಂತೆಂದರೆ ನಮ್ಮ ಮಕ್ಕಳ ವಾರ್ಡಿನಲ್ಲಿ ಹಾಸಿಗೆ ಸಾಲುತ್ತಿರಲಿಲ್ಲ. ನಾನು ಬೆಂಗಳೂರಿನಲ್ಲಿ ನರ್ಸ್ ಆಗಿದ್ದ ಕಾಲದ ಮಾತು. ಬರುತ್ತಿದ್ದವು ಹೆಚ್ಚಾಗಿ ಎಂಟು-ಹತ್ತು ತಿಂಗಳ ಕೂಸುಗಳು. ಮೊದಲು ವಾಂತಿ, ಜ್ವರ, ಆಮೇಲೆ ನೀರಿನಂಥ ಭೇದಿ. ನೆತ್ತಿ ಗುಳಿ ಬಿದ್ದಿರುತ್ತಿತ್ತು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. "ಹಲ್ಲು ಬರ್ತಾ ಇದೆ ಸಿಸ್ಟರ್, ಅದಕ್ಕೇ" ಅನ್ನುವವರು ಕೆಲವರು. "ನೀರು ಕಾಯಿಸೇ ಕೊಟ್ಟಿದ್ದೆ ಸಿಸ್ಟರ್" ಎಂದು ಅಳುವವರು ಇನ್ನು ಕೆಲವರು.

ಈ ಎರಡನೆಯವರಿಗಾಗಿ ನನ್ನ ಹೊಟ್ಟೆ ಉರಿಯುತ್ತಿತ್ತು. ಅವರು ಹೇಳುತ್ತಿದ್ದುದು ನಿಜ. ಇಂಥ ಭೇದಿಗೆ ಹೆಚ್ಚಾಗಿ ಕಾರಣವಾಗುತ್ತಿದ್ದ ರೋಟಾವೈರಸ್ ಕಾಲರಾದಂತಲ್ಲ. ಶುದ್ಧ ನೀರು, ಶೌಚಾಲಯ ಎಲ್ಲ ಇರುವ ದೇಶಗಳಲ್ಲೂ ಐದು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಪ್ರತಿ ಮಗುವಿಗೂ ಅದು ಒಮ್ಮೆಯಾದರೂ ತಗುಲಿರುತ್ತದೆ. ಕೈತೊಳೆಯದ ತಾಯಿಯೇ ಕಾರಣ ಎಂದು ಗದರಿಸಿದ್ದು ಅನ್ಯಾಯ.

ವೈದ್ಯರಿಗಾದರೂ ಕಾರಣ ಎಲ್ಲಿ ಗೊತ್ತಿತ್ತು? ಭೇದಿಯ ಮಾದರಿಯಲ್ಲಿ ಬ್ಯಾಕ್ಟೀರಿಯಾ ಹುಡುಕಿದರೆ ಎಷ್ಟೋ ಸಲ ಏನೂ ಸಿಗುತ್ತಿರಲಿಲ್ಲ. 1973ರಲ್ಲಿ ಮೆಲ್ಬರ್ನ್‌ನಲ್ಲಿ ರೂತ್ ಬಿಷಪ್ ಮತ್ತು ಜೊತೆಗಾರರು ಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣಕರುಳಿನ ಚೂರುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ವೈರಸ್ ಕಂಡಿತು. 1983ರಲ್ಲಿ ಅದೇ ತಂಡ ಇನ್ನೊಂದು ಸಂಗತಿ ಹೇಳಿತು: ಹುಟ್ಟಿದ ಹೊಸತರಲ್ಲೇ ಸೋಂಕು ತಗುಲಿದ ಕೂಸುಗಳಿಗೆ ಮುಂದೆ ಮತ್ತೆ ಸೋಂಕಾದರೂ ಭೇದಿ ಜೋರಾಗುವುದಿಲ್ಲ.

ಅಲ್ಲಿಂದ ಲಸಿಕೆಯ ಹುಡುಕಾಟದ ದಿಕ್ಕೇ ಬದಲಾಯಿತು. ನನಗೆ ಈ ಇತಿಹಾಸದಲ್ಲಿ ತುಂಬ ಹಿಡಿಸುವುದು ಇದೇ. ಸಾಯುತ್ತಿದ್ದ ಮಕ್ಕಳ ಮುಂದೆ ನಾವೆಲ್ಲ ಬಾಟಲಿ ಏರಿಸುತ್ತಾ, ಓಆರ್‌ಎಸ್ ಕುಡಿಸುತ್ತಾ ನಿಂತಿದ್ದೆವು. ಅದು ಬೇಕಾಗಿತ್ತು, ಇಂದಿಗೂ ಬೇಕು. ಆದರೆ ತಡೆಯುವ ದಾರಿ ಇದ್ದದ್ದು ಹೆರಿಗೆ ವಾರ್ಡಿನಲ್ಲಿ, ಯಾವ ತೊಂದರೆಯೂ ಇಲ್ಲದೆ ಹಾಲು ಕುಡಿದು ಮಲಗಿದ್ದ ಎಳೆಗೂಸುಗಳ ಬಟ್ಟೆಯಲ್ಲಿ.

ಕೂಸಿಗೆ ತಗುಲಿಯೂ ಕಾಯಿಲೆ ಬೀಳಿಸದ ಅಂಥ ವೈರಸ್ ಭಾರತದಲ್ಲಿ ಎರಡು ಕಡೆ ಸಿಕ್ಕಿತು. ದೆಹಲಿಯ ಏಮ್ಸ್‌ನಲ್ಲಿ ಮಹಾರಾಜ್ ಕಿಶನ್ ಭಾನ್ ಅವರ ತಂಡ 1980ರ ದಶಕದ ನಡುವೆ ನವಜಾತ ಶಿಶುಗಳಲ್ಲಿ ಕಂಡದ್ದು 116ಇ. ಬೆಂಗಳೂರಿನ ಶಿಶುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಕಂಡದ್ದು ಐ321. ನಮ್ಮೂರಿನದು ಅಚ್ಚರಿಯ ವೈರಸ್. ಅದರ ಹೊರಮೈಯ ಎರಡೂ ಪ್ರೋಟೀನುಗಳು ದನಗಳ ರೋಟಾವೈರಸ್ಸಿನದಕ್ಕೆ ಹತ್ತಿರ ಎಂದು 1993ರಲ್ಲಿ ಪ್ರಕಟವಾಯಿತು. ರೋಟಾವೈರಸ್ಸಿಗೆ ಹನ್ನೊಂದು ಜೀನ್ ತುಣುಕುಗಳು. ಐ321ರಲ್ಲಿ ಒಂಬತ್ತು ದನದ ವೈರಸ್ಸಿನಿಂದ ಬಂದವು, ಎರಡೇ ಮನುಷ್ಯರದ್ದು. ಒಂದೇ ಜೀವಕೋಶದೊಳಗೆ ಎರಡು ಬಗೆಯ ವೈರಸ್ ಹೊಕ್ಕಾಗ ತುಣುಕುಗಳು ಹೀಗೆ ಅದಲುಬದಲಾಗುತ್ತವೆ. ಗಲ್ಲಿಗಲ್ಲಿಯಲ್ಲಿ ಹಸು ಕಟ್ಟಿ ಮನೆ ಮುಂದೆಯೇ ಹಾಲು ಕರೆದುಕೊಡುತ್ತಿದ್ದ ಆಗಿನ ಬೆಂಗಳೂರನ್ನು ಕಂಡವಳಿಗೆ ಇದನ್ನು ಓದಿ ಮೈ ಜುಮ್ಮೆಂದಿತು.

ಎರಡನ್ನೂ ಲಸಿಕೆಗಾಗಿ ದೆಹಲಿಯ ಮಕ್ಕಳಲ್ಲಿ ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಬಂತು. ಎರಡರಿಂದಲೂ ಅಪಾಯ ಕಾಣಲಿಲ್ಲ. ಆದರೆ 116ಇ ಪಡೆದವರಲ್ಲಿ ಶೇಕಡಾ 73 ಮಕ್ಕಳಿಗೆ ಪ್ರತಿಕಾಯ ಚೆನ್ನಾಗಿ ಏರಿತು, ಐ321 ಪಡೆದವರಲ್ಲಿ ಶೇಕಡಾ 39 ಮಕ್ಕಳಿಗೆ ಮಾತ್ರ. ಬೆಂಗಳೂರಿನ ವೈರಸ್ ಅಲ್ಲಿಗೇ ನಿಂತಿತು. ದೆಹಲಿಯದು ರೋಟಾವ್ಯಾಕ್ ಎಂಬ ಲಸಿಕೆಯಾಯಿತು. ದೆಹಲಿ, ಪುಣೆ, ವೆಲ್ಲೂರಿನಲ್ಲಿ ಸುಮಾರು 6,800 ಶಿಶುಗಳ ಮೇಲೆ ನಡೆದ ಪರೀಕ್ಷೆಯ ವರದಿ 2014ರಲ್ಲಿ ಬಂತು: ಮೊದಲ ವರ್ಷದಲ್ಲಿ ತೀವ್ರ ರೋಟಾವೈರಸ್ ಭೇದಿ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಅರ್ಧವೇ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟು: ಲಸಿಕೆ ಬರುವ ಮೊದಲು ಈ ದೇಶದಲ್ಲಿ ವರ್ಷಕ್ಕೆ ಸುಮಾರು 78,000 ಮಕ್ಕಳು ರೋಟಾವೈರಸ್ಸಿನಿಂದ ಸಾಯುತ್ತಿದ್ದರೆಂಬ ಅಂದಾಜಿದೆ. ಅದರಲ್ಲಿ ಅರ್ಧ ಎಂದರೆ ಎಷ್ಟು ಮನೆಗಳು!

2016ರಲ್ಲಿ ಒಡಿಶಾ, ಆಂಧ್ರ, ಹರಿಯಾಣ, ಹಿಮಾಚಲದಲ್ಲಿ ರೋಟಾ ಲಸಿಕೆ ಸರ್ಕಾರಿ ಕಾರ್ಯಕ್ರಮಕ್ಕೆ ಸೇರಿತು. ನಂತರದ ವರ್ಷಗಳಲ್ಲಿ ಕರ್ನಾಟಕಕ್ಕೂ ಬಂತು. ಆರು, ಹತ್ತು, ಹದಿನಾಲ್ಕನೇ ವಾರ, ಬಾಯಿಗೆ ಹಾಕುವ ಲಸಿಕೆ. ನಮ್ಮ ಪಕ್ಕದ ಬೀದಿಯ ಆಶಾ ಕಾರ್ಯಕರ್ತೆಗೆ ಐ321ರ ಕಥೆ ಹೇಳಿದ್ದೇನೆ. ಮೂರನೇ ಡೋಸ್ ತಪ್ಪಿಸುವ ತಾಯಂದಿರ ಮನೆಗೆ ಈಗ ಇಬ್ಬರೂ ಹೋಗುತ್ತೇವೆ.