ಸ್ತನ ಕ್ಯಾನ್ಸರ್ ನೆರವು ಸಂಸ್ಥೆಗಳ ಆಡಳಿತ ಮತ್ತು ಲೆಕ್ಕಪತ್ರಗಳ ಪರಿಶೀಲನೆ: ಕೊಡಗು ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

ಸ್ತನ ಕ್ಯಾನ್ಸರ್ ರೋಗಿಗಳ ನೆರವಿಗಾಗಿ ದೇಣಿಗೆ ಸಂಗ್ರಹಿಸುವ ಸಂಘ-ಸಂಸ್ಥೆಗಳಿಗೆ ಹಣ ನೀಡಲು ಇಚ್ಛಿಸುವವರು ಹಾಗೂ ಅಂತಹ ಸಂಸ್ಥೆಗಳಿಂದ ಚಿಕಿತ್ಸಾ ನೆರವು ಕೋರುವವರು, ಸದರಿ ಸಂಸ್ಥೆಯ ಆಡಳಿತ ಮತ್ತು ಹಣಕಾಸಿನ ಸ್ಥಿತಿಯನ್ನು ಯಾವ ದಾಖಲೆಗಳಿಂದ ತಿಳಿಯಬಹುದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ನೋಂದಣಿ ಸಂಖ್ಯೆಯ ಅರ್ಥ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಏಳು ಅಥವಾ ಹೆಚ್ಚಿನ ವ್ಯಕ್ತಿಗಳು ಸೇರಿ ಜ್ಞಾಪನಾ ಪತ್ರ ಹಾಗೂ ಬೈಲಾಗಳನ್ನು ಸಲ್ಲಿಸಿದಲ್ಲಿ ಸಂಘವನ್ನು ನೋಂದಾಯಿಸಬಹುದಾಗಿದೆ. ಕರಪತ್ರದ ಮೇಲ್ಭಾಗದಲ್ಲಿ ಮುದ್ರಿತವಾಗಿರುವ ನೋಂದಣಿ ಸಂಖ್ಯೆಯು ಇಷ್ಟನ್ನು ಮಾತ್ರ ತಿಳಿಸುತ್ತದೆ. ಸಂಸ್ಥೆಯ ಕಾರ್ಯವೈಖರಿಗೆ ಸರ್ಕಾರವು ಜಾಮೀನು ನೀಡಿದೆ ಎಂದು ಅದರಿಂದ ಭಾವಿಸತಕ್ಕದ್ದಲ್ಲ. ಅನೇಕರು ಹಾಗೆ ಭಾವಿಸುತ್ತಾರೆ. ಹಣ ಕಳೆದುಕೊಳ್ಳುವುದು ಬಹುಮಟ್ಟಿಗೆ ಇಲ್ಲಿಂದಲೇ ಆರಂಭವಾಗುತ್ತದೆ.

ನೋಂದಣಿಯ ನಂತರ ಸಂಘವು ಪ್ರತಿವರ್ಷ ಸರ್ವ ಸದಸ್ಯರ ಸಭೆ ನಡೆಸಿ, ಪ್ರಕರಣ 13ರಂತೆ ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ಲೆಕ್ಕಪರಿಶೋಧಿತ ಲೆಕ್ಕಪತ್ರಗಳೊಂದಿಗೆ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಆದುದರಿಂದ ಸಂಸ್ಥೆಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ “ನೋಂದಣಿ ಆಗಿದೆಯೇ?” ಎಂಬುದಲ್ಲ, “ಕಳೆದ ಮೂರು ವರ್ಷಗಳ ಲೆಕ್ಕ ಸಲ್ಲಿಕೆಯಾಗಿದೆಯೇ?” ಎಂಬುದು. ಸಂಸ್ಥೆಯವರು ಪ್ರತಿ ನೀಡದಿದ್ದಲ್ಲಿ, ನೋಂದಣಾಧಿಕಾರಿಗಳ ಕಚೇರಿಯಲ್ಲಿರುವ ದಾಖಲೆಗಳ ನಕಲನ್ನು ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ರೂ. 10 ಶುಲ್ಕದೊಂದಿಗೆ ಕೋರಬಹುದು. ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು.

ಸಂಸ್ಥೆಯು ಟ್ರಸ್ಟ್ ಆಗಿದ್ದಲ್ಲಿ ಪರಿಸ್ಥಿತಿ ಬೇರೆ. ಟ್ರಸ್ಟ್ ಪತ್ರವು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗುತ್ತದೆಯೇ ಹೊರತು ಆ ಕಚೇರಿಗೆ ಪ್ರತಿವರ್ಷ ಲೆಕ್ಕ ಸಲ್ಲಿಸುವ ಪದ್ಧತಿ ಇಲ್ಲ. ಇಂತಹ ಸಂದರ್ಭದಲ್ಲಿ ಆದಾಯ ತೆರಿಗೆ ಇಲಾಖೆಯ ನೋಂದಣಿ ಆದೇಶ ಹಾಗೂ ಸನ್ನದು ಲೆಕ್ಕಪರಿಶೋಧಕರ ವರದಿಯನ್ನು ಸಂಸ್ಥೆಯಿಂದಲೇ ಕೇಳಿ ಪಡೆಯಬೇಕು.

ಲೆಕ್ಕಪತ್ರವನ್ನು ಓದುವ ಬಗೆ

ಜಮಾ-ಖರ್ಚಿನ ಪಟ್ಟಿಯೊಂದನ್ನೇ ನೋಡಿದರೆ ಸಾಲದು. ಆದಾಯ-ವೆಚ್ಚದ ಲೆಕ್ಕ ಮತ್ತು ಅಢಾವೆ ಪತ್ರಿಕೆ, ಅಂದರೆ ಬ್ಯಾಲೆನ್ಸ್ ಶೀಟನ್ನು ಜೊತೆಗಿಟ್ಟು ಓದಬೇಕು. ಒಂದು ಕಲ್ಪಿತ ಉದಾಹರಣೆ: ವರ್ಷದ ದೇಣಿಗೆ 12 ಲಕ್ಷ ರೂಪಾಯಿ, ಜಾಗೃತಿ ಕಾರ್ಯಕ್ರಮಕ್ಕೆ 7 ಲಕ್ಷ, ವೇತನ ಮತ್ತು ಬಾಡಿಗೆಗೆ 2.50 ಲಕ್ಷ, ರೋಗಿಗಳ ನೆರವಿಗೆ 1.50 ಲಕ್ಷ, ಉಳಿಕೆ 1 ಲಕ್ಷ. ಕೂಡಿಸಿದರೆ ಲೆಕ್ಕ ಸರಿಯಾಗಿದೆ. ಆದರೆ ಚಿಕಿತ್ಸೆಗೆಂದು ಪಡೆದ ಪ್ರತಿ ಎಂಟು ರೂಪಾಯಿಯಲ್ಲಿ ರೋಗಿಗೆ ತಲುಪಿರುವುದು ಒಂದು ರೂಪಾಯಿ ಮಾತ್ರ. “ಜಾಗೃತಿ” ಎಂಬ ಶೀರ್ಷಿಕೆಯಡಿ ತಪಾಸಣಾ ಶಿಬಿರಗಳೂ ಇರಬಹುದು, ಸಭಾಂಗಣದ ಬಾಡಿಗೆ, ಬ್ಯಾನರ್, ಊಟೋಪಚಾರಗಳೂ ಇರಬಹುದು; ಅನುಬಂಧವನ್ನು ಕೇಳದ ಹೊರತು ತಿಳಿಯದು. ಇನ್ನು ಉಳಿಕೆಯಾದ 1 ಲಕ್ಷವು ಅಢಾವೆ ಪತ್ರಿಕೆಯಲ್ಲಿ ಬ್ಯಾಂಕ್ ಶಿಲ್ಕಾಗಿ ಕಾಣದೆ, ಪದಾಧಿಕಾರಿಯೊಬ್ಬರ ಹೆಸರಿನಲ್ಲಿ “ಮುಂಗಡ” ಎಂದು ಕಂಡುಬಂದು, ಅದೇ ಮುಂಗಡ ಮರುವರ್ಷವೂ ಮುಂದುವರಿದಿದ್ದರೆ ಲಿಖಿತ ವಿವರಣೆ ಕೇಳುವುದು ಸೂಕ್ತ.

ಆಡಳಿತ ವೆಚ್ಚ ಕಡಿಮೆ ಇದ್ದ ಮಾತ್ರಕ್ಕೆ ಸಂಸ್ಥೆ ಉತ್ತಮವೆಂದು ತೀರ್ಮಾನಿಸಲಾಗದು. ಮ್ಯಾಮೊಗ್ರಫಿ ವಾಹನ ನಡೆಸುವ ಸಂಸ್ಥೆಗೆ ತಂತ್ರಜ್ಞರ ಮತ್ತು ಚಾಲಕರ ವೇತನವೇ ಸೇವೆಯ ವೆಚ್ಚವಾಗಿರುತ್ತದೆ. ಸದರಿ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಅಗತ್ಯವಾಗಿದ್ದು, ಅದನ್ನೂ ತೋರಿಸುವಂತೆ ಕೇಳಬಹುದು.

ವಸ್ತು ರೂಪದ ದೇಣಿಗೆಯ ಮೌಲ್ಯವನ್ನು ವಿಶೇಷವಾಗಿ ಗಮನಿಸಬೇಕು. ಅಮೆರಿಕದಲ್ಲಿ ಮೇ 2015ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ಹಾಗೂ ಎಲ್ಲ 50 ರಾಜ್ಯಗಳು “ದಿ ಬ್ರೆಸ್ಟ್ ಕ್ಯಾನ್ಸರ್ ಸೊಸೈಟಿ” ಸೇರಿದಂತೆ ಪರಸ್ಪರ ಸಂಬಂಧವುಳ್ಳ ನಾಲ್ಕು ಸಂಸ್ಥೆಗಳ ವಿರುದ್ಧ ದಾವೆ ಹೂಡಿದವು. 2008ರಿಂದ 2012ರವರೆಗೆ ಅವು ದಾನಿಗಳಿಂದ 18.7 ಕೋಟಿ ಡಾಲರ್‌ಗೂ ಅಧಿಕ ಹಣ ಸಂಗ್ರಹಿಸಿ, ಅದರ ಬಹುಪಾಲನ್ನು ನಿರ್ವಾಹಕರು, ಅವರ ಬಂಧುಗಳು ಹಾಗೂ ಹಣ ಸಂಗ್ರಹಿಸುವ ಏಜೆನ್ಸಿಗಳಿಗೆ ಬಳಸಿದವೆಂಬುದು ಆರೋಪವಾಗಿತ್ತು. 22 ಕೋಟಿ ಡಾಲರ್‌ಗೂ ಮೀರಿದ ಮೌಲ್ಯದ ಸಾಮಗ್ರಿಗಳನ್ನು ವಿದೇಶಗಳಿಗೆ ಹಂಚಿದಂತೆ ಲೆಕ್ಕದಲ್ಲಿ ತೋರಿಸಿದ್ದರಿಂದ ಆಡಳಿತ ವೆಚ್ಚದ ಪ್ರಮಾಣ ಅಲ್ಪವಾಗಿ ಕಾಣುತ್ತಿತ್ತು. ಸದರಿ ಸೊಸೈಟಿಯು ರಾಜಿ ಆದೇಶದ ಮೇರೆಗೆ ಮುಚ್ಚಲ್ಪಟ್ಟಿತು. ಈ ನಾಲ್ಕೂ ಸಂಸ್ಥೆಗಳು ತೆರಿಗೆ ವಿನಾಯಿತಿ ಪಡೆದವುಗಳೇ ಆಗಿದ್ದವು.

ಆಡಳಿತ ಮಂಡಳಿ

ಅಧ್ಯಕ್ಷ, ಕಾರ್ಯದರ್ಶಿ ಮತ್ತು ಖಜಾಂಚಿ ಒಂದೇ ಕುಟುಂಬದವರೇ, ಬ್ಯಾಂಕ್ ಖಾತೆಗೆ ಜಂಟಿ ಸಹಿ ಇದೆಯೇ, ಕಚೇರಿಯ ಕಟ್ಟಡ ಪದಾಧಿಕಾರಿಯದೇ ಆಗಿದ್ದು ಬಾಡಿಗೆ ಅವರಿಗೇ ಸಲ್ಲುತ್ತಿದೆಯೇ ಎಂಬುದನ್ನು ಪರಿಶೀಲಿಸಬೇಕು. ನಮ್ಮದು ಚಿಕ್ಕ ಜಿಲ್ಲೆ. ಎಲ್ಲರೂ ಪರಿಚಿತರು ಅಥವಾ ನೆಂಟರು. ಪರಿಚಯವಿದೆ ಎಂಬ ಕಾರಣಕ್ಕೆ ಲೆಕ್ಕ ಕೇಳಲು ಸಂಕೋಚಪಡಬೇಕಾಗಿಲ್ಲ.

ದೇಣಿಗೆ ನೀಡುವವರಿಗೆ

ಹಣವನ್ನು ಸಂಸ್ಥೆಯ ಹೆಸರಿನ ಖಾತೆಗೇ ಪಾವತಿಸಿ ರಸೀದಿ ಪಡೆಯತಕ್ಕದ್ದು. ರೂ. 2,000ಕ್ಕಿಂತ ಹೆಚ್ಚಿನ ನಗದು ದೇಣಿಗೆಗೆ ತೆರಿಗೆ ಕಡಿತ ದೊರೆಯುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದವರಿಗೆ ಈ ಕಡಿತವೇ ಅನ್ವಯಿಸದು. ಆದಾಯ ತೆರಿಗೆ ಕಾಯ್ದೆ, 1961ರ 80ಜಿ ಅನುಮೋದನೆಯು ಕಾಲಮಿತಿಯುಳ್ಳದ್ದು. ಹಳೆಯ ಪತ್ರದ ಜೆರಾಕ್ಸ್ ಪ್ರತಿಯನ್ನು ಒಪ್ಪಬಾರದು. ಆದಾಯ ತೆರಿಗೆ ಕಾಯ್ದೆ, 2025 ಅನ್ನು 1-4-2026ರಿಂದ ಅನ್ವಯಿಸಲಾಗಿದ್ದು, ಅದರಲ್ಲಿ ಪ್ರಕರಣಗಳ ಸಂಖ್ಯೆ ಬೇರೆಯಾಗಿದೆ.

ವಿದೇಶದ ಪೌರತ್ವ ಪಡೆದಿರುವ ಜಿಲ್ಲೆಯ ಮೂಲದವರಿಂದ ದೇಣಿಗೆ ಪಡೆಯಲು ಸಂಸ್ಥೆಗೆ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆ, 2010ರ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯಂತೆ ಈ ಹಣದಲ್ಲಿ ಶೇ. 20ಕ್ಕಿಂತ ಹೆಚ್ಚನ್ನು ಆಡಳಿತಕ್ಕೆ ಬಳಸುವಂತಿಲ್ಲ.

ನೆರವು ಕೋರುವವರಿಗೆ

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಹಾಗೂ ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು ನೆರವು ನಿಗದಿಯಾಗಿದೆ. ಮೊದಲು ಇದನ್ನು ಬಳಸಿಕೊಳ್ಳತಕ್ಕದ್ದು. ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹಲವು ಬಾರಿ ಹೋಗಬೇಕಾದ ತೋಟ ಕಾರ್ಮಿಕ ಮಹಿಳೆಗೆ ಬಸ್ ದರ, ತಂಗುವ ವೆಚ್ಚ ಮತ್ತು ಕಳೆದುಹೋದ ದಿನಗೂಲಿಯೇ ಭಾರವಾಗುತ್ತದೆ. ಸಂಸ್ಥೆಯು ಇದಕ್ಕೆ ನೆರವು ನೀಡುವುದೇ ಎಂದು ವಿಚಾರಿಸಬೇಕು. ಅರ್ಜಿ ಶುಲ್ಕ ಅಥವಾ “ಠೇವಣಿ” ಎಂದು ರೋಗಿಯಿಂದಲೇ ಹಣ ಕೇಳಿದಲ್ಲಿ ಕೊಡಬಾರದು. ಖಾಲಿ ವೋಚರಿಗೆ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬಾರದು. ಯೋಜನೆಯಡಿ ಸರ್ಕಾರ ಈಗಾಗಲೇ ಭರಿಸಿದ ಬಿಲ್ಲನ್ನೇ ತಾನು ಪಾವತಿಸಿದಂತೆ ಸಂಸ್ಥೆಯೊಂದು ತೋರಿಸಲು ಇಂತಹ ವೋಚರೇ ಸಾಕಾಗುತ್ತದೆ.

ದೂರು

1960ರ ಕಾಯ್ದೆಯ ಪ್ರಕರಣ 25ರಂತೆ ಸಂಘದ ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿ ಅಥವಾ ಆಡಳಿತ ಮಂಡಳಿಯ ಬಹುಮತದವರು ವಿಚಾರಣೆ ಕೋರಬಹುದು. ನೋಂದಣಾಧಿಕಾರಿಗಳು ಸ್ವಯಂಪ್ರೇರಿತರಾಗಿಯೂ ವಿಚಾರಣೆ ನಡೆಸಬಹುದು. ದಾನಿ ಅಥವಾ ರೋಗಿಗೆ ಸದಸ್ಯತ್ವವಿಲ್ಲದ ಕಾರಣ ವಿಚಾರಣೆಯನ್ನು ಹಕ್ಕಾಗಿ ಕೇಳಲಾಗದು. ಆದರೂ ರಸೀದಿ, ಬ್ಯಾಂಕ್ ವಿವರ ಮತ್ತು ಕರಪತ್ರದ ಪ್ರತಿಗಳೊಂದಿಗಿನ ಲಿಖಿತ ಮನವಿಯು ಅಂತಹ ಕ್ರಮಕ್ಕೆ ಆಧಾರವಾಗಬಲ್ಲದು. ಸಾರ್ವಜನಿಕ ಟ್ರಸ್ಟ್ ವಿಷಯದಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚಿನವರು ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕರಣ 92ರಡಿ ದಾವೆ ಹೂಡಬಹುದು. ಮೊಬೈಲ್ ಮೂಲಕ ಹಣ ಕಳುಹಿಸಿ ವಂಚನೆಗೊಳಗಾಗಿದ್ದಲ್ಲಿ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ, ನಂತರ ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ ಸ್ವೀಕೃತಿ ಪಡೆಯತಕ್ಕದ್ದು.